ಎಡತೋಳು ಅರ್ಧ ಇಂಚು ಸಡಿಲ

ಅವರ ಶ್ರದ್ಧಾಂಜಲಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅವರು ತೊಟ್ಟಿರುವ ಬಿಳಿ ಬ್ಲೌಸು ನಾನು ಹೊಲಿದದ್ದು. ಎಡತೋಳು ಅರ್ಧ ಇಂಚು ಸಡಿಲವಾಗಿ ಕಾಣುತ್ತದೆ. ನೋಡಿದವರು ಟೈಲರ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಟೈಲರ್ ಸರಿಯಾಗಿಯೇ ಇದ್ದಾಳೆ. ಯಾರಾದರೂ ಹೊಗಳಿದರೆ ಸಾಕು, ಆ ತೋಳನ್ನು ಬಲಗೈಯಿಂದ ಕೆಳಕ್ಕೆ ಜಗ್ಗುವುದು ಅವರ ಅಭ್ಯಾಸ. ಅವರನ್ನು ಹೊಗಳದ ಜನ ನಮ್ಮ ಕಡೆ ಇರಲಿಲ್ಲ, ಹಾಗಾಗಿ ಆ ತೋಳು ಹಿಗ್ಗದೆ ಉಳಿಯಲಿಲ್ಲ.

ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ಕ್ಷಮಾಮೂರ್ತಿ’ ಎಂದು ಹಾಕಿಸಿದ್ದರು. ಚಿಕ್ಕಲಸಂದ್ರದ ತಿರುವಿನಿಂದ ನಮ್ಮ ವಿಹಾರದ ಮೆಟ್ಟಿಲವರೆಗೆ ನಾಲ್ಕು ಕಡೆ ಅದೇ ಮುಖ, ಅದೇ ಪದ. ಹೋದ ಮೇಲೂ ಈಕೆ ನನ್ನನ್ನು ಬಿಡುವುದಿಲ್ಲವಲ್ಲ ಅನ್ನಿಸಿತು. ಅನ್ನಬಾರದ ಮಾತು. ಆದರೆ ಅವರ ವಿಷಯದಲ್ಲಿ ನನ್ನ ಹತ್ತಿರ ಅನ್ನಬಾರದ ಮಾತುಗಳೇ ಹೆಚ್ಚಾಗಿವೆ. ಹೆಸರು ಬರೆಯುವುದಿಲ್ಲ. ಬೇಡವೆಂದು ಅವರ ಮಗಳು ಕೇಳಿಕೊಂಡಿದ್ದಾಳೆ, ಇದನ್ನು ಮೊದಲು ಓದಿದವಳೂ ಅವಳೇ. ‘ಅವರು’ ಎಂದು ಮರ್ಯಾದೆಯಿಂದಲೇ ಬರೆಯುತ್ತೇನೆ. ಮನಸ್ಸಿನಲ್ಲಿ ಏಕವಚನದಲ್ಲಿ ಬೈದುಕೊಂಡ ದಿನಗಳ ಲೆಕ್ಕ ನನಗಿರಲಿ.

ನಾನು ಲೇಡೀಸ್ ಟೈಲರ್. ಪದ್ಮನಾಭನಗರದಿಂದ ಚಿಕ್ಕಲಸಂದ್ರಕ್ಕೆ ಹೋಗುವ ದಾರಿಯಲ್ಲಿ, ಒಂದು ಟ್ಯೂಷನ್ ಸೆಂಟರಿನ ಕೆಳಗೆ ನನ್ನ ಅಂಗಡಿ. ಎರಡು ಮೆಷಿನ್ನು, ಒಂದು ಕನ್ನಡಿ, ಅಳತೆ ತೆಗೆಯುವುದಕ್ಕೆ ಮೂಲೆಯಲ್ಲಿ ಒಂದು ಪರದೆ. ಪಕ್ಕದ ಅಂಗಡಿ ನನ್ನ ತಮ್ಮನದು. ಮೊಬೈಲ್ ರಿಪೇರಿ ಮಾಡುತ್ತಿದ್ದ. ಅಮ್ಮ ಬೇಗ ಹೋದಳು, ಅವನನ್ನು ಸಾಕಿದವಳು ನಾನು. ಅವರ ಮಗ ನನ್ನ ತಮ್ಮನ ಗೆಳೆಯ. ನಾವೂ ಅವರೂ ಬೌದ್ಧ ಕುಟುಂಬದವರು, ನಮ್ಮ ಅಪ್ಪಂದಿರ ಕಾಲದಲ್ಲೇ ದೀಕ್ಷೆ ತೆಗೆದುಕೊಂಡವರು. ವಿಹಾರವೆಂದರೆ ದೊಡ್ಡದೇನಲ್ಲ. ಒಬ್ಬರ ಮನೆಯ ಮಹಡಿಯ ಮೇಲೆ ಶೀಟು ಹೊದಿಸಿದ ಹಾಲು, ಒಂದು ಬುದ್ಧನ ಮೂರ್ತಿ, ನಾಲ್ಕು ಫ್ಯಾನು. ನಾಲ್ಕರಲ್ಲಿ ಎರಡು ತಿರುಗುತ್ತವೆ. ಭಾನುವಾರ ಬೆಳಿಗ್ಗೆ ಎಲ್ಲರೂ ಬಿಳಿ ಉಟ್ಟುಕೊಂಡು ವಂದನೆಗೆ ಸೇರುತ್ತೇವೆ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ತಮ್ಮ ನನ್ನ ಅಂಗಡಿಗೆ ತಲೆ ಹಾಕಿ, “ಐದು ನಿಮಿಷ ಅಕ್ಕ, ಬಂದೆ. ಅಂಗಡಿ ನೋಡ್ತಿರು” ಅಂದ. ಅಷ್ಟೇ. ಅರ್ಧ ಫರ್ಲಾಂಗು ಆಚೆ ಒಂದು ಬೇಕರಿ ಮುಂದೆ ಬೈಕ್ ನಿಲ್ಲಿಸುವ ವಿಷಯಕ್ಕೆ ಅವರ ಮಗನಿಗೂ ಇನ್ನೊಬ್ಬನಿಗೂ ಜಗಳವಾಗಿತ್ತು. ಆ ಇನ್ನೊಬ್ಬ ಆ ರಸ್ತೆಯ ನಾಲ್ಕಾರು ಬಾಡಿಗೆ ಮನೆಗಳ ಓನರ್ ಮಗ, ಕುಡಿದಿದ್ದ. ಕಾರಿನ ಡಿಕ್ಕಿಯಲ್ಲಿ ಲಾಂಗು ಇಟ್ಟುಕೊಂಡಿದ್ದ. ಅವರ ಮಗ ಅಲ್ಲೇ ಹೋದ. ನನ್ನ ತಮ್ಮ ಆಸ್ಪತ್ರೆಯ ಬಾಗಿಲಲ್ಲಿ ಹೋದ. ಯಾವತ್ತೂ ಯಾರ ಜೊತೆಗೂ ಗಟ್ಟಿಯಾಗಿ ಮಾತಾಡದ ನನ್ನ ತಮ್ಮ ಆ ಜಗಳದ ಮಧ್ಯೆ ಯಾಕೆ ಹೋದ ಎನ್ನುವುದೇ ನನ್ನ ಪ್ರಶ್ನೆಯಾಗಿ ಉಳಿಯಿತು. ಗೆಳೆಯ ಫೋನ್ ಮಾಡಿ ಕರೆದ, ಹೋದ ಅಂತ ಪೊಲೀಸರು ಬರೆದುಕೊಂಡರು. ಅಷ್ಟರಿಂದ ನನಗೆ ಸಮಾಧಾನ ಆಗಲಿಲ್ಲ.

ಅದಕ್ಕೆ ಮೊದಲು ಅವರು ಎಂಥವರಾಗಿದ್ದರು ಎಂದು ಈಗ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಜಗಳಗಂಟಿ. ಒಂದು ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದರು. ಹೊಸದಾಗಿ ಬಂದ ಮ್ಯಾನೇಜರು ಊಟ ಆದಮೇಲೆ ಟಿಫನ್ ಡಬ್ಬಿ ಇವರ ಕಡೆ ತಳ್ಳಿ ತೊಳೆದಿಡು ಅಂದನಂತೆ. ಮಾರನೇ ದಿನ ಬೆಳಿಗ್ಗೆ ಸಹಿಗೆ ಬಂದ ಫೈಲುಗಳ ಮೇಲೆ ಆ ತೊಳೆಯದ ಡಬ್ಬಿಯನ್ನೇ ಇಟ್ಟು, “ಇದೂ ಪೆಂಡಿಂಗ್ ಇದೆ ಸಾರ್” ಅಂದು ಬಂದರಂತೆ. ಈ ಕತೆ ಹೇಳುವಾಗ ಅವರ ಮೂಗು ಅಗಲವಾಗುತ್ತಿತ್ತು. ನೀರಿನ ಟ್ಯಾಂಕರಿನವನ ಜೊತೆ, ಬಸ್ಸಿನ ಕಂಡಕ್ಟರ್ ಜೊತೆ, ಮಗನ ಸ್ಕೂಲಿನಲ್ಲಿ ಕೊನೆಯ ಬೆಂಚಿಗೆ ಕೂರಿಸಿದ ಮೇಷ್ಟರ ಜೊತೆ, ಎಲ್ಲರ ಜೊತೆಗೂ ಒಂದೊಂದು ಪಂಚಾಯ್ತಿ ಆಗಿತ್ತು. ನಮ್ಮ ಕಡೆಯ ಹೆಂಗಸರು ಏನಾದರೂ ಕೇಳಬೇಕಾದರೆ ಅವರನ್ನು ಮುಂದೆ ಬಿಟ್ಟುಕೊಂಡು ಹಿಂದೆ ಹೋಗುತ್ತಿದ್ದರು. ನಾನೂ ಹೋಗಿದ್ದೇನೆ.

ಆ ಬಾಯಿಗೆ ಮಗ ಹೋದ ಮೇಲೆ ಬಂದದ್ದು ಎರಡೇ ಪದ. “ಹೋಗ್ಲಿ ಬಿಡು.” ಹಾಲಿನವನು ನೀರು ಬೆರೆಸಿದರೂ ಹೋಗ್ಲಿ ಬಿಡು, ಸ್ಕೂಟರಿನವನು ಕಾಲಿನ ಮೇಲೆ ಹತ್ತಿಸಿದರೂ ಹೋಗ್ಲಿ ಬಿಡು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾವುದನ್ನು ಬಿಡುವುದು? ಎಲ್ಲಿಗೆ ಹೋಗಲಿ?

ನಾಲ್ಕು ವರ್ಷ ಕೇಸು ನಡೆಯಿತು. ಕೊಂದವನ ವಕೀಲ, ಅವರ ಮಗ ಜಗಳ ಮುಗಿಸಿ ಹೋಗಿದ್ದವನು ಜನ ಕಟ್ಟಿಕೊಂಡು ವಾಪಸ್ ಬಂದ ಎಂದು ವಾದಿಸಿದ. ನಾನು ಬೆಂಚಿನ ಮೇಲೆ ಕೂತು, ಎಂಥ ಸುಳ್ಳ ಇವನು ಎಂದು ಹಲ್ಲು ಕಡಿದೆ. ಪಕ್ಕದಲ್ಲಿ ಅವರು ಸುಮ್ಮನೆ ಕೂತಿದ್ದರು. ಕೊನೆಗೆ ಅವನಿಗೆ ಜೀವಾವಧಿ ಆಯಿತು. ಹೊರಗೆ ಬಂದಾಗ ಟಿವಿಯವರು ಮೈಕು ಹಿಡಿದರು. ಮೊದಲು ಅವರಿಗೆ. ಅವರು ಸೆರಗು ಸರಿ ಮಾಡಿಕೊಂಡು, “ಅವನನ್ನ ನಾನು ಕ್ಷಮಿಸಿದೀನಿ. ಅವನ ತಾಯಿಗೂ ಒಬ್ಬನೇ ಮಗ. ಹೋಗ್ಲಿ ಬಿಡಿ” ಅಂದರು. ಆಮೇಲೆ ಮೈಕು ನನ್ನ ಕಡೆ ತಿರುಗಿತು. “ಮೇಡಂ, ನೀವು?”

“ಅವನು ನರಳಿ ನರಳಿ ಸಾಯ್ಲಿ” ಅಂದೆ.

ಅವತ್ತು ಸಂಜೆಯಿಂದ ಎರಡು ದಿನ ಟಿವಿ ಪರದೆಯನ್ನು ಎರಡು ಭಾಗ ಮಾಡಿ ನಮ್ಮಿಬ್ಬರನ್ನೂ ಅಕ್ಕಪಕ್ಕ ತೋರಿಸಿದರು. ಅವರ ಮುಖದ ಕೆಳಗೆ ‘ಕ್ಷಮಿಸಿದ ತಾಯಿ’. ನನ್ನ ಮುಖದ ಕೆಳಗೆ ‘ಆರದ ಆಕ್ರೋಶ’. ನನ್ನ ಬಾಯಿ ತೆರೆದಿತ್ತು, ಕೂದಲು ಕೆದರಿತ್ತು. ಅವರದು ಎಣ್ಣೆ ಹಾಕಿ ಬಾಚಿದ ತಲೆ. ಇಬ್ಬರ ಮನೆಯಲ್ಲೂ ಒಂದೊಂದು ಜೀವ ಹೋಗಿತ್ತು, ಒಂದೇ ಜಗಳದಲ್ಲಿ, ಒಂದೇ ಕೈಯಿಂದ. ಆದರೂ ಅವತ್ತಿನಿಂದ ಅವರು ದೊಡ್ಡವರಾದರು, ನಾನು ಕಾಯಿಲೆಯವಳಾದೆ. ಜನ ನನ್ನನ್ನು ನೋಡಿದರೆ, “ಇನ್ನೂ ಮನಸ್ಸಿಗೆ ಹಾಗೇ ಇದೆಯಾ?” ಅಂತ ಕೇಳತೊಡಗಿದರು, ಕೆಮ್ಮು ವಾಸಿ ಆಯಿತಾ ಅಂತ ಕೇಳುವ ಹಾಗೆ.

ಹೊಟ್ಟೆಕಿಚ್ಚು ಎನ್ನುವುದನ್ನು ನಾನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಅವರ ಸೀರೆಗೆ, ಮನೆಗೆ, ಮಗಳಿಗೆ ನಾನು ಕರುಬಲಿಲ್ಲ. ಅವರ ಕ್ಷಮೆಗೆ ಕರುಬಿದೆ. ಹಂಚಿಕೊಳ್ಳಬೇಕಾದ ಒಂದು ಪದಾರ್ಥವನ್ನು ಅವರೊಬ್ಬರೇ ಬಳಿದುಕೊಂಡು ಹೋದರು ಅನ್ನಿಸುತ್ತಿತ್ತು. ನಾನು ಈಗ ಕ್ಷಮಿಸಿದರೂ ಅವರನ್ನು ನೋಡಿ ಕಲಿತಳು ಅನ್ನುತ್ತಾರೆ. ಕ್ಷಮಿಸದಿದ್ದರೆ ಅವರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ. ಶಾಲೆಗಳವರು ಮಾತಾಡಲು ಕರೆದರು, ಜಯನಗರದಲ್ಲಿ ಯಾವುದೋ ಸಂಘದವರು ಶಾಲು ಹೊದಿಸಿದರು. ವಿಹಾರದಲ್ಲಿ ಹೊಸ ಸೊಸೆಯಂದಿರನ್ನು ಕರೆತಂದು ಅವರ ಕಾಲು ಮುಟ್ಟಿಸುತ್ತಿದ್ದರು. ಅವರು ಎಡತೋಳು ಜಗ್ಗಿಕೊಂಡು, “ಅಯ್ಯೋ, ಬೇಡ ಬೇಡ” ಅನ್ನುತ್ತಿದ್ದರು. ಅದನ್ನೂ ವಿನಯ ಅಂದರು.

ಇನ್ನೊಂದು ಹೇಳಿಬಿಡುತ್ತೇನೆ. ಕೊಂದವನ ತಾಯಿ ಒಂದು ದಿನ ಅವರ ಮನೆಗೆ ಬಂದಳು. ಟೀ ಕುಡಿದಳಂತೆ, ಅತ್ತಳಂತೆ. ವಾಪಸ್ ಹೋಗುವಾಗ ನನ್ನ ಅಂಗಡಿ ಮುಂದೆಯೇ ಹಾದುಹೋದಳು, ತಲೆ ಎತ್ತಲಿಲ್ಲ. ನನ್ನ ತಮ್ಮನನ್ನೂ ಅವಳ ಮಗನೇ ತಾನೇ ಕೊಂದದ್ದು? ನನ್ನ ಹತ್ತಿರವೂ ಬರಬಹುದಿತ್ತು. ಬಂದಿದ್ದರೆ ಶಟರ್ ಎಳೆದುಬಿಡುತ್ತಿದ್ದೆ, ಆ ಮಾತು ಬೇರೆ. ಆದರೆ ಬರಬೇಕಿತ್ತು.

ಇಷ್ಟೆಲ್ಲ ಕಿಚ್ಚು ಇಟ್ಟುಕೊಂಡವಳ ಅಂಗಡಿಗೇ ಅವರು ಬ್ಲೌಸ್ ಹೊಲಿಸಲು ಬರುತ್ತಿದ್ದರು. ಮಕ್ಕಳು ಹೋದ ಆರು ತಿಂಗಳಿಗೆ ಶುರುವಾಗಿದ್ದು, ವರ್ಷಕ್ಕೆ ಮೂರು ಸಲ ತಪ್ಪಲಿಲ್ಲ. ಯಾವಾಗಲೂ ಬಿಳಿ, ಯಾವಾಗಲೂ ಒಂದೇ ತರ, ಮೊಣಕೈವರೆಗೆ ತೋಳು. ಹೀಗೆ ಒಂದೇ ಮಾದರಿ ಹೊಲಿಸುವವರು ಹಳೆಯದೊಂದು ಬ್ಲೌಸು ಅಳತೆಗೆ ಬಿಸಾಕಿ ಹೋಗುತ್ತಾರೆ. ಟೈಲರ್‌ಗೂ ಸುಲಭ, ಅವರಿಗೂ ಸುಲಭ. ಇವರು ಕೇಳುತ್ತಿರಲಿಲ್ಲ.

“ಅಳತೆ ಬ್ಲೌಸ್ ಕೊಟ್ಟುಹೋಗಿ ಅಕ್ಕ, ಸಾಕು” ಅಂದರೆ, “ಇಲ್ಲಮ್ಮ, ಮೈಮೇಲೇ ತಗೋ” ಅನ್ನುವರು. ಪರದೆ ಎಳೆದು ಒಳಗೆ ಹೋಗಿ ಕೈ ಎತ್ತಿ ನಿಲ್ಲುವರು. ನಾನು ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಟೇಪು ಸುತ್ತುವೆ. ನನಗೆ ಅಳತೆ ತೆಗೆಯುವಾಗ ಪಿನ್ನು ಬೇಕಾಗಿಯೇ ಇರಲಿಲ್ಲ. ಮಾತಾಡುವುದು ತಪ್ಪಲಿ ಅಂತ ಕಚ್ಚಿಕೊಳ್ಳುತ್ತಿದ್ದೆ. ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಏನೋ ಹೇಳಲು ಹೊರಟವರ ಹಾಗೆ ಎರಡು ಸಲ ಗಂಟಲು ಸರಿ ಮಾಡಿಕೊಂಡು, ಮಳೆ ವಿಷಯವೋ ಮಗಳ ವಿಷಯವೋ ಹೇಳಿ ಹೋಗುತ್ತಿದ್ದರು. ವರ್ಷ ವರ್ಷಕ್ಕೆ ಎದೆಸುತ್ತು ಇಳಿಯುತ್ತಿತ್ತು. ಕ್ಷಮಿಸಿದವರು ಕರಗುತ್ತಾ ಹೋದರು, ಕ್ಷಮಿಸದ ನಾನು ಊದುತ್ತಾ ಹೋದೆ. ಅದಕ್ಕೂ ಹೊಟ್ಟೆ ಉರಿಯಿತು. ಸಾಲದ್ದಕ್ಕೆ ಭಾನುವಾರ ನೋಡಿದರೆ ನಾನು ಹೊಲಿದು ಕೊಟ್ಟದ್ದರಲ್ಲಿ ಎರಡನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು. ಉಳಿದವು ಹಿಡಿಸಲಿಲ್ಲವೋ ಏನೋ, ಕೇಳಲಿಲ್ಲ ನಾನು.

ಭಾನುವಾರದ ವಂದನೆಯ ಕೊನೆಗೆ ನಮ್ಮಲ್ಲಿ ಮೈತ್ರಿ ಧ್ಯಾನವಿದೆ. ಕಣ್ಣು ಮುಚ್ಚಿ ಕೂರಬೇಕು. ವಂದನೆ ನಡೆಸುವ ಭಿಕ್ಷು, ನಮ್ಮ ಭಂತೇಜಿ, ಹೇಳಿಕೊಟ್ಟದ್ದನ್ನು ತುಟಿಯಲ್ಲೇ ಹೇಳಿಕೊಳ್ಳಬೇಕು. ಅದಕ್ಕೊಂದು ಕ್ರಮವಿದೆ. ಮೊದಲು ನಾನು ಸುಖವಾಗಿರಲಿ. ಎರಡನೆಯದು ನನಗೆ ಬೇಕಾದವರು ಸುಖವಾಗಿರಲಿ. ಮೂರನೆಯದು ಪರಿಚಯವಿದ್ದೂ ಇಲ್ಲದಂಥ ಯಾರೋ ಒಬ್ಬರು, ಬಸ್ಸಿನಲ್ಲಿ ಕಂಡವರು, ತರಕಾರಿಯವರು. ನಾಲ್ಕನೆಯದು ವೈರಿ. ನಾನು ಮೂರರವರೆಗೆ ಸಲೀಸಾಗಿ ಹೋಗಿ, ನಾಲ್ಕಕ್ಕೆ ಬಂದಾಗ ಅವತ್ತು ಹುಕ್ಕು ಹಾಕಬೇಕಾದ ಬ್ಲೌಸುಗಳನ್ನು ನೆನಪು ಮಾಡಿಕೊಳ್ಳುತ್ತಿದ್ದೆ. ಮತ್ತು ಕಣ್ಣು ತೆರೆದು ಅವರನ್ನು ನೋಡುತ್ತಿದ್ದೆ. ನಾಲ್ಕನೆಯದನ್ನು ಅವರು ಬಾಯಿ ತುಂಬ ಹೇಳುತ್ತಿದ್ದರು, ತುಟಿ ಸ್ಪಷ್ಟವಾಗಿ ಆಡುತ್ತಿತ್ತು. ಎಷ್ಟು ವರ್ಷ ನೋಡಿದರೂ ಒಂದು ಸಲವೂ ತಡವರಿಸಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಕರೆಂಟು ಹೋಯಿತು. ತಿರುಗುವ ಎರಡು ಫ್ಯಾನೂ ನಿಂತವು, ಶೀಟಿನ ಕೆಳಗೆ ಕುದಿ. ಕಣ್ಣು ಮುಚ್ಚಲಾಗದೆ ಮೊದಲಿನಿಂದಲೇ ಅವರನ್ನು ನೋಡುತ್ತ ಕೂತೆ. “ನಾನು ಸುಖವಾಗಿರಲಿ” ಅಂದರು ಭಂತೇಜಿ. ಎಲ್ಲರ ತುಟಿಯೂ ಆಡಿತು, ಅವರದು ಆಡಲಿಲ್ಲ. ಹೊಲಿದಂತೆ ಮುಚ್ಚಿತ್ತು. ಎರಡನೆಯದಕ್ಕೆ ತೆರೆಯಿತು. ಮುಂದಿನ ಭಾನುವಾರ ನೋಡಿದೆ, ಅದೇ. ಒಟ್ಟು ನಾಲ್ಕು ಭಾನುವಾರ ನೋಡಿದೆ. ಎಲ್ಲರೂ ಕಣ್ಣು ಮುಚ್ಚಿ ಹೇಳುವ, ಮಕ್ಕಳಿಗೂ ಬರುವ ಮೊದಲನೆಯ ಸಾಲನ್ನು ಈ ಕ್ಷಮಾಮೂರ್ತಿ ಹೇಳುವುದೇ ಇಲ್ಲ. ನನಗೆ ಆದ ಖುಷಿಯನ್ನು ಏನು ಹೇಳಲಿ. ಕೊನೆಗೂ ಒಂದು ತಪ್ಪು ಸಿಕ್ಕಿತ್ತು.

ಅದೇ ವಾರ ಅವರು ಬಿಳಿ ಬಟ್ಟೆಯ ತುಂಡು ಹಿಡಿದು ಬಂದರು. ಪರದೆ ಎಳೆದೆ. ಆ ದಿನ ಬಾಯಲ್ಲಿ ಪಿನ್ನು ಇಟ್ಟುಕೊಳ್ಳಲಿಲ್ಲ.

“ಅಕ್ಕ, ಒಂದು ಕೇಳ್ಲಾ? ವಂದನೇಲಿ ನಾಲ್ಕನೇದು ಬಾಯ್ತುಂಬ ಹೇಳ್ತೀರ. ಮೊದಲನೇದು ಯಾಕೆ ಹೇಳಲ್ಲ? ಮಕ್ಕಳೂ ಹೇಳ್ತಾವೆ” ಅಂದೆ. ದನಿಯಲ್ಲಿ ಸಕ್ಕರೆ ಇತ್ತು.

ಕನ್ನಡಿಯಲ್ಲಿ ನನ್ನನ್ನು ನೋಡಿದರು. “ನೋಡ್ಬಿಟ್ಯಾ?”

“ನಾಲ್ಕು ವಾರದಿಂದ ನೋಡ್ತಿದೀನಿ.”

“ಹನ್ನೊಂದು ವರ್ಷ ಆಯ್ತು ಕಣಮ್ಮ ನಾನು ಅದನ್ನ ಹೇಳಿ.” ಎತ್ತಿದ್ದ ಕೈಗಳನ್ನು ಇಳಿಸಿದರು. “ಅವತ್ತು ಅವನು ಮನೆಗೆ ಬಂದಿದ್ದ.”

“ಯಾರು?”

“ನನ್ನ ಮಗ. ಬೇಕರಿ ಹತ್ರ ಏಟು ತಿಂದು ಮನೆಗೆ ಬಂದುಬಿಟ್ಟಿದ್ದ. ಕೆನ್ನೆ ಮೇಲೆ ಬೆರಳು ಮೂಡಿತ್ತು. ಮುಖ ತೊಳ್ಕೊಂಡ. ‘ಹೋಗ್ಲಿ ಬಿಡಮ್ಮ, ಕುಡಿದಿದಾನೆ ಅವನು’ ಅಂದ. ನಾನೇ ಬಿಡ್ಲಿಲ್ಲ. ‘ಹೊಡಿಸ್ಕೊಂಡು ಬಂದು ಮುಖ ತೊಳ್ಕೋತೀಯಾ? ತಲೆ ತಗ್ಗಿಸ್ಕೊಂಡು ಇರೋಕಾ ನಿನ್ನ ಓದ್ಸಿದ್ದು? ಹೋಗು, ಯಾಕೆ ಕೈ ಮಾಡ್ದೆ ಅಂತ ಕೇಳ್ಕೊಂಡು ಬಾ’ ಅಂದೆ. ಅವನು ಕದಲಲಿಲ್ಲ. ಕೈಲಿ ಟವೆಲ್ ಇತ್ತು, ಕಿತ್ತು ಬಿಸಾಕಿದೆ.”

ನಾನು ಟೇಪು ಹಿಡಿದು ನಿಂತಿದ್ದೆ.

“ಬಾಗಿಲ ಹತ್ರ ಹೋದವನನ್ನ ನಿಲ್ಸಿ, ‘ಒಬ್ನೇ ಹೋಗ್ಬೇಡ, ಐದು ನಿಮಿಷದ ಮಾತು, ಅವನನ್ನೂ ಕರ್ಕೊಂಡು ಹೋಗು’ ಅಂತ ನಿನ್ನ ತಮ್ಮನ ಹೆಸರು ಹೇಳಿದ್ದು ನಾನೇ. ಆ ವಕೀಲ ಹೇಳಿದ್ದು ಸುಳ್ಳಲ್ಲ ಕಣಮ್ಮ. ವಾಪಸ್ ಹೋದ್ರು. ಕಳಿಸಿದ್ದು ನಾನು. ಕೊಂದವನನ್ನ ಕ್ಷಮಿಸೋದು ಏನ್ ಮಹಾ? ಅವನು ಮಾಡಿದ್ದು ಅರ್ಧ. ನನ್ನ ಮಗ ಆದ್ರೂ ನನ್ನವನು. ನಿನ್ನ ತಮ್ಮ? ನಿನಗೆ ಹೇಳ್ಬೇಕು ಅಂತಾನೇ ಬರ್ತೀನಿ. ನೀನು ಬಾಯಲ್ಲಿ ಪಿನ್ ಇಟ್ಕೊಂಡಿರ್ತೀಯ. ಅಳತೆ ಕೊಟ್ಟು ಹೋಗ್ತೀನಿ.”

ಹೊರಗೆ ಟ್ಯೂಷನ್ ಬಿಟ್ಟಿತ್ತು, ಮಕ್ಕಳು ಮೆಟ್ಟಿಲು ಇಳಿಯುವ ಸದ್ದು. ನಾನು ಏನಾದರೂ ಹೇಳುತ್ತೇನೆಂದು ಅವರು ಕಾದರು. ಬೈದರೂ ಆಗುತ್ತಿತ್ತು ಅವರಿಗೆ ಅಂತ ಈಗ ಅನ್ನಿಸುತ್ತದೆ.

“ಕೈ ಎತ್ತಿ ಅಕ್ಕ” ಅಂದೆ. ಸುತ್ತಳತೆ ತೆಗೆದೆ, ತೋಳು ತೆಗೆದೆ, ಕತ್ತು ತೆಗೆದೆ. ಚೀಟಿಯಲ್ಲಿ ಒಂದನ್ನೂ ಬರೆದುಕೊಳ್ಳಲಿಲ್ಲ.

“ಯಾವಾಗ ಬರ್ಲಿ?”

“ಗುರುವಾರ ಬನ್ನಿ.”

ನನ್ನ ಕಸುಬಿನವರಿಗೆ ಕೆಟ್ಟ ಹೆಸರಿರುವುದು ಆ ‘ಗುರುವಾರ ಬನ್ನಿ’ಯಿಂದಲೇ. ಆದರೆ ಅವರ ಬಟ್ಟೆಯನ್ನು ನಾನು ಒಂದು ಸಲವೂ ತಡ ಮಾಡಿರಲಿಲ್ಲ. ಎಷ್ಟು ಕಿಚ್ಚಿದ್ದರೂ ಹೇಳಿದ ದಿನ ಇಸ್ತ್ರಿ ಮಾಡಿ ಕವರಿಗೆ ಹಾಕಿಟ್ಟಿರುತ್ತಿದ್ದೆ. ಈ ಸಲ ಆ ತುಂಡನ್ನು ಮೆಷಿನ್ನಿನ ಪಕ್ಕ ಇಟ್ಟೆ, ಕತ್ತರಿ ಮುಟ್ಟಿಸಲಿಲ್ಲ. ಗುರುವಾರ ಬಂದರು. “ಆಯ್ತೇನಮ್ಮ?” “ಇಲ್ಲಕ್ಕ, ಲೈನಿಂಗ್ ಸಿಗಲಿಲ್ಲ. ಮುಂದಿನ ಗುರುವಾರ.” ಬಿಳಿ ಲೈನಿಂಗು ನನ್ನ ಬೆನ್ನ ಹಿಂದಿನ ಶೆಲ್ಫಿನಲ್ಲೇ ಥಾನುಗಟ್ಟಲೆ ಇತ್ತು, ಅವರಿಗೆ ಕಾಣುತ್ತಿತ್ತು. ತಲೆ ಆಡಿಸಿ ಹೋದರು.

ಆ ವಾರಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ. ತಮ್ಮನ ಫೋಟೋ ಮುಂದೆ ನಿಂತು, ಗೊತ್ತಾಯ್ತಲ್ಲೋ ಯಾಕೆ ಹೋದೆ ಅಂತ, ಎಂದು ಅತ್ತೆ. ಅತ್ತು ಮುಗಿದ ಮೇಲೆ ಒಳಗೆ ಒಂದು ಸಂತೋಷ ತಲೆ ಎತ್ತಿತು, ಅದು ಇನ್ನೂ ನಾಚಿಕೆಗೇಡು. ಈಗ ನನ್ನ ಕೈಯಲ್ಲಿ ಆಯುಧವಿದೆ. ಭಂತೇಜಿಗೆ ಒಂದು ಮಾತು ಹೇಳಿದರೆ ಸಾಕು, ಶಾಲು, ಭಾಷಣ, ಕಾಲು ಮುಟ್ಟುವುದು ಎಲ್ಲ ನಿಲ್ಲುತ್ತದೆ. ಭಾನುವಾರ ಹೇಳಲೆಂದೇ ಹೋದೆ. ಅವರು ತಮ್ಮ ಜಾಗದಲ್ಲಿ ಕೂತಿದ್ದರು. ಭಂತೇಜಿ ಮೊದಲನೆಯದನ್ನು ಹೇಳಿದರು. ಅವರು ನನ್ನನ್ನು ನೋಡಿ, ತುಟಿ ಮುಚ್ಚಿಕೊಂಡರು. ನಾನೂ ಅವತ್ತು ಆ ಸಾಲು ಹೇಳಲಿಲ್ಲ. ಯಾಕೋ ಬಾಯಿ ಬರಲಿಲ್ಲ. ಭಂತೇಜಿಗೆ ನಮಸ್ಕಾರ ಮಾಡಿ ಇಳಿದು ಬಂದೆ.

ಎರಡನೆಯ ಗುರುವಾರವೂ ಇಲ್ಲ ಅಂದೆ. ಆ ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಯೋಚನೆ ಬಂತು. ನನ್ನ ತಮ್ಮನೇ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದಿದ್ದರೆ? ನಾನು ಟವೆಲ್ ಕೊಟ್ಟು ಮುಖ ಒರೆಸುತ್ತಿದ್ದೆನಾ? ಕತ್ತರಿ ಕೈಗೆ ಕೊಟ್ಟು ಕಳಿಸುವಂಥವಳು ನಾನು. ಅಟೆಂಡರ್ ಕೈಯಲ್ಲಿ ಡಬ್ಬಿ ತೊಳೆಸಲು ನೋಡುವ ಈ ಊರಿನಲ್ಲಿ, ಹೊಡೆದರೆ ಯಾಕೆಂದು ಕೇಳಬೇಕು ಅಂತ ಮಕ್ಕಳಿಗೆ ಅನ್ನದ ಜೊತೆ ಉಣಿಸಿದವರು ನಾವು. ಅವರು ಕಳಿಸಿದ್ದು ತಪ್ಪೋ, ಹೊಡೆದವನ ಡಿಕ್ಕಿಯಲ್ಲಿ ಲಾಂಗು ಇದ್ದದ್ದು ತಪ್ಪೋ? ಈ ಯೋಚನೆ ನನಗೆ ಬೇಕಿರಲಿಲ್ಲ. ಅದಕ್ಕೂ ಗುರುವಾರ ಬಾ ಅಂದೆ.

ಮೂರನೆಯ ಗುರುವಾರ ಅವರು ಮೆಟ್ಟಿಲು ಹತ್ತಲಿಲ್ಲ, ರಸ್ತೆಯಲ್ಲೇ ನಿಂತರು. ಮೆಷಿನ್ನಿನ ಪಕ್ಕ ತುಂಡು ಹಾಗೇ ಇದ್ದದ್ದು ಅಲ್ಲಿಂದಲೇ ಕಾಣಿಸಿತು. ಮುಖ ಸುಸ್ತಾಗಿತ್ತು. “ಹೋಗ್ಲಿ ಬಿಡು, ನಿಧಾನಕ್ಕೆ ಹೊಲಿ. ಅರ್ಜೆಂಟ್ ಏನಿಲ್ಲ” ಅಂದರು. ಆ ಪದ ಅವರ ಮಗನದು ಎಂದು ತಿಳಿದ ಮೇಲೆ ನಾನು ಅದನ್ನು ಕೇಳಿದ್ದು ಆವತ್ತೇ. ಕರೆಯಬೇಕು ಅನ್ನಿಸಿತು. ಯಾರೋ ಗಿರಾಕಿ ಸೀರೆ ಫಾಲ್ಸ್ ಬಗ್ಗೆ ಏನೋ ಕೇಳಿದಳು. ತಿರುಗಿ ನೋಡುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು.

ಐದು ದಿನಕ್ಕೆ ಅವರ ಮಗಳು ಅಂಗಡಿಗೆ ಬಂದಳು. ಸ್ಕೂಲ್ ಟೀಚರ್, ಯಾವಾಗಲೂ ನೀಟಾಗಿ ಪಿನ್ನು ಹಾಕಿಕೊಂಡು ಇರುವವಳು, ಅವತ್ತು ಚಪ್ಪಲಿ ಇಲ್ಲದೆ ನಿಂತಿದ್ದಳು.

“ಆಂಟಿ, ಅಮ್ಮ ಹೋಗ್ಬಿಟ್ರು. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡೇ... ಡಾಕ್ಟ್ರು ಹಾರ್ಟ್ ಅಂದ್ರು.” ಮೆಷಿನ್ನಿನ ಕಡೆ ನೋಡಿ, “ಅಮ್ಮನ ಬ್ಲೌಸ್ ಇದೆಯಂತಲ್ಲ ನಿಮ್ಮ ಹತ್ರ. ಅದು ಬೇಕು” ಅಂದಳು.

“ಹೊಲಿದಿಲ್ಲಮ್ಮ. ಮನೇಲಿ ಬೇರೆ ಇರ್ತಾವಲ್ಲ?”

“ಬೀರು ತುಂಬ ಇದಾವೆ ಆಂಟಿ. ಮೂವತ್ತಾದ್ರೂ ಇರ್ಬೇಕು. ಎಲ್ಲ ಹೊಸವು, ನಿಮ್ಮ ಕವರ್‌ನಿಂದ ತೆಗ್ದೇ ಇಲ್ಲ. ಆದ್ರೆ ಹೋದ ವಾರ ಅಮ್ಮ, ನಾನು ಹೋದ್ರೆ ಅವಳತ್ರ ಇರೋ ಬ್ಲೌಸೇ ಹಾಕಿ ಅಂದಿದ್ರು. ಅವಳು ಕೊಟ್ರೆ ಹಾಕಿ, ಕೊಡದಿದ್ರೆ ಕೇಳ್ಬೇಡಿ ಅಂತಾನೂ ಅಂದ್ರು. ನಂಗೆ ಏನಂತ ಅರ್ಥ ಆಗ್ಲಿಲ್ಲ.”

ನನಗೆ ಅರ್ಥವಾಯಿತು. ಕವರಿನಿಂದ ತೆಗೆಯದ ಆ ಮೂವತ್ತರ ಒಂದೊಂದಕ್ಕೂ ಅವರು ಪರದೆಯೊಳಗೆ ಕೈ ಎತ್ತಿ ನಿಂತು, ಗಂಟಲು ಸರಿ ಮಾಡಿಕೊಂಡು, ಹೇಳದೆ ಹೋದವರು.

“ಒಂದು ಗಂಟೆ ಕೊಡು” ಅಂದೆ.

ಚೀಟಿಯಲ್ಲಿ ಅಳತೆ ಇರಲಿಲ್ಲ, ಬೇಕೂ ಆಗಲಿಲ್ಲ. ಹನ್ನೊಂದು ವರ್ಷ ಸುತ್ತಿದ ಟೇಪು ಬೆರಳಿಗೆ ಗೊತ್ತಿತ್ತು. ಎದೆಸುತ್ತು ಕಳೆದ ಸಲಕ್ಕಿಂತ ಒಂದು ಇಂಚು ಕಮ್ಮಿ ಇಟ್ಟೆ. ಸೆಟೆದ ಮೈಗೆ ಬ್ಲೌಸು ತೊಡಿಸುವುದು ಸುಲಭವಲ್ಲ, ಅದಕ್ಕೇ ಬೆನ್ನನ್ನು ಮೇಲಿಂದ ಕೆಳಗೆ ಸೀಳಿ ಬಿಟ್ಟೆ, ತೊಡಿಸಿದ ಮೇಲೆ ಕೈಹೊಲಿಗೆ ಹಾಕಬಹುದು. ಎಡತೋಳನ್ನು ಸರಿಯಾದ ಅಳತೆಗೇ ಹೊಲಿದೆ. ಇನ್ನು ಜಗ್ಗುವವರಿಲ್ಲ.

ಸ್ನಾನ ಮಾಡಿಸಿದ ಹೆಂಗಸರನ್ನು ಹೊರಗೆ ಕಳಿಸಿ, ಮಗಳನ್ನೊಬ್ಬಳನ್ನು ಇರಿಸಿಕೊಂಡು ನಾನೇ ತೊಡಿಸಿದೆ. ಅವಳು ಅಮ್ಮನನ್ನು ಮಗ್ಗುಲಿಗೆ ಹಿಡಿದುಕೊಂಡಳು. ಸೂಜಿಗೆ ದಾರ ಪೋಣಿಸಿ ಬೆನ್ನಿಗೆ ಹೊಲಿಗೆ ಹಾಕುತ್ತ ಬಂದೆ, ಮೈಗೆ ಸೂಜಿ ತಾಗದ ಹಾಗೆ ಕೆಳಗೆ ಎಡಗೈ ಇಟ್ಟುಕೊಂಡು. ಕತ್ತಿನ ಹತ್ತಿರ ಗಂಟು ಹಾಕಿ ದಾರ ಕಡಿಯಲು ಬಗ್ಗಿದಾಗ ನನ್ನ ಬಾಯಿ ಅವರ ಕಿವಿಯ ಹತ್ತಿರವಿತ್ತು.

“ಹೋಗ್ಲಿ ಬಿಡಿ ಅಕ್ಕ” ಅಂದೆ.

ಬದುಕಿದ್ದಾಗ ಹೇಳಬಹುದಿತ್ತು. ಮೂರು ಗುರುವಾರ ಬಂದಿದ್ದರು.

ಹೋದವರ ಹೆಸರಿನಲ್ಲಿ ಮಾಡುವ ಪುಣ್ಯಾನುಮೋದನೆಯ ದಿನ ವಿಹಾರದ ಹಾಲು ತುಂಬಿ ಮೆಟ್ಟಿಲವರೆಗೆ ಜನ. ಎಲ್ಲರೂ ಅವರ ಕ್ಷಮೆಯ ಬಗ್ಗೆಯೇ ಮಾತಾಡಿದರು. ಹಳೆಯ ಕಿಚ್ಚು ಅಲ್ಲಿಯೂ ಒಂದು ಸಲ ಹೆಡೆ ಎತ್ತಿತು, ಸುಳ್ಳು ಹೇಳುವುದಿಲ್ಲ. ಕೇಳಬೇಕಾದದ್ದನ್ನು ಕೇಳಿ ಹಗುರಾಗಿ ಹೋದರು ಅವರು. ಕೊಡಬೇಕಾದದ್ದನ್ನು ತಡ ಮಾಡಿ ಉಳಿದವಳು ನಾನು. ಕೊನೆಗೆ ಯಾರೋ ನನ್ನ ಹೆಸರು ಕೂಗಿದರು. ಎದ್ದು ನಿಂತೆ. ಯೂಟ್ಯೂಬ್ ಚಾನೆಲ್ಲಿನವನೊಬ್ಬ ಮೊಬೈಲು ಚಾಚಿ, “ಮೇಡಂ, ಈಗಲಾದ್ರೂ ನೀವು ಕ್ಷಮಿಸಿದ್ರಾ?” ಅಂದ.

ಕೊಂದವನನ್ನು ನಾನು ಕ್ಷಮಿಸಿಲ್ಲ. ಇವತ್ತಿಗೂ ಇಲ್ಲ. ಆದರೆ ಯಾರನ್ನು ಅಂತ ಅವನು ಕೇಳಿರಲಿಲ್ಲ. ಎದುರಿಗೆ ಅವರ ಮಗಳು ಕೂತಿದ್ದಳು, ಆಗ ಅವಳಿಗೆ ಏನೂ ಗೊತ್ತಿರಲಿಲ್ಲ.

“ಕ್ಷಮಿಸಿದೀನಿ” ಅಂದೆ.

“ಸಾಧು, ಸಾಧು, ಸಾಧು” ಅಂತ ಇಡೀ ಹಾಲು ಒಂದೇ ದನಿಯಲ್ಲಿ ಅಂದಿತು. ಯಾರೋ ಕಣ್ಣು ಒರೆಸಿಕೊಂಡರು. ಹೊಸ ಸೊಸೆಯೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು. ಏಳು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ಇಷ್ಟಕ್ಕೇ. “ಅಯ್ಯೋ, ಬೇಡ ಬೇಡ” ಅಂದೆ. ಕೆಳಗೆ ನೋಡಿದರೆ ನನ್ನ ಬಲಗೈ ಎಡತೋಳನ್ನು ಹಿಡಿದು ಜಗ್ಗುತ್ತಿತ್ತು.